ಮೂರು ವರ್ಷ ವಾರ್ಡ್‌ನಲ್ಲಿ ದುಡಿದರೂ ಏನೂ ಮಾಡಿಲ್ಲ ಅನ್ನಿಸುತ್ತಿದ್ದರೆ

ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಮುಗಿಸಿ ಮೂರು ವರ್ಷ ಮೆಡಿಕಲ್ ವಾರ್ಡ್‌ನಲ್ಲಿದ್ದರೂ ಬರೀ ಫೈಲ್ ತುಂಬಿದ ಹಾಗಿದೆ ಅಂದಿದ್ದೀರಿ. ಕೆಲಸದ ಫಲ ಕಣ್ಣಿಗೆ ಬೀಳದಿರುವುದೇ ಕಾರಣ ಇರಬೇಕು. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುತ್ತೀರಿ, ಬೆನ್ನಲ್ಲಿ ಹುಣ್ಣಾಗುವುದಿಲ್ಲ. ಆಗದೇ ಇದ್ದ ಹುಣ್ಣು ಯಾರಿಗೆ ಕಾಣುತ್ತದೆ ಹೇಳಿ?

ಮೊದಲು ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಡ್ಯೂಟಿ ಮುಗಿದ ಮೇಲೆ ಒಂದೆರಡು ಸಾಲು ಬರೆಯಿರಿ. ರೋಗಿಯ ಹೆಸರು, ಬೆಡ್ ನಂಬರ್ ಬೇಡ. ನನ್ನದರಲ್ಲಿ ಹೀಗಿದೆ: "ಸ್ಟ್ರೋಕ್ ಆಗಿದ್ದ ಅಜ್ಜ ಇವತ್ತು ಎಡಗೈಯಲ್ಲಿ ತಾವೇ ಚಮಚ ಹಿಡಿದು ಗಂಜಿ ಕುಡಿದರು. ಅರ್ಧ ಅಂಗಿ ಮೇಲೆ ಚೆಲ್ಲಿತು. ನಕ್ಕರು." ಬೇಜಾರಾದ ರಾತ್ರಿ ಈಗಲೂ ಅದನ್ನು ತೆಗೆದು ಓದುತ್ತೇನೆ.

ಆಮೇಲೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ, ಅದೇ ಬೆಡ್‌ಗಳನ್ನು ನಾಲ್ಕೈದು ದಿನ ಸತತವಾಗಿ ಕೇಳಿ. ಸ್ಟ್ರೆಚರ್‌ನಲ್ಲಿ ಬಂದವರು ನಡೆದು ಮನೆಗೆ ಹೋಗುವುದನ್ನು ನೀವೇ ನೋಡಬೇಕು.

ಓದು ಅದಾದ ಮೇಲೆ. ಜಿಎನ್‌ಎಂ ಆದವರು ಮಾಡುವ ನರ್ಸಿಂಗ್ ಪದವಿ, ಅಂದರೆ ಪೋಸ್ಟ್ ಬೇಸಿಕ್ ಬಿಎಸ್ಸಿ, ನಿಮಗೆ 2 ವರ್ಷ. ಕ್ರಿಟಿಕಲ್ ಕೇರ್, ಕ್ಯಾನ್ಸರ್ ರೋಗಿಗಳ ಆಂಕಾಲಜಿಯಂಥ ವಿಭಾಗಗಳಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಸುಮ್ನೆ ಸರ್ಟಿಫಿಕೇಟ್‌ಗೆ ಅಂತ ಸೇರಬೇಡಿ. ಯಾವ ರೋಗಿಗಳ ಹತ್ತಿರ ನಿಂತಾಗ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲವೋ ಆ ಕಡೆ ಹೋಗಿ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತಿದ್ದರೆ ಇದು ಕೆಲಸದ ಬೇಜಾರೋ ಖಿನ್ನತೆಯೋ ಇಲ್ಲಿಂದ ಹೇಳಲಾರೆ. ಆಗ ಉಳಿದಿದ್ದೆಲ್ಲ ಬದಿಗಿಟ್ಟು ಡಾಕ್ಟರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.