ಪ್ಲಗ್ ಕರಗಿದ ಹೊಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಹಾನಿಯೇ?

ರೂಮ್ ಹೀಟರ್‌ನ ಪ್ಲಗ್ ಕರಗಿ, ಹೊಗೆ ತುಂಬಿದ ಕೋಣೆಯಲ್ಲಿ ಹತ್ತು ನಿಮಿಷ ಇದ್ದೆ, ಈಗ ಗಂಟಲು ಉರಿ ಮತ್ತು ತಲೆನೋವು, ಶ್ವಾಸಕೋಶ ಹಾಳಾಗಿರಬಹುದೇ ಎಂದು ಕೇಳಿದ್ದೀರಿ. ನೀವು ಆರೋಗ್ಯವಂತ ವಯಸ್ಕರಾಗಿದ್ದರೆ ಇಷ್ಟರಿಂದ ಶಾಶ್ವತ ಹಾನಿಯಾಗುವ ಸಾಧ್ಯತೆ ಕಡಿಮೆ. ಗಂಟಲುರಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೂ ಮುಂದಿನ 24ರಿಂದ 36 ಗಂಟೆ ಉಸಿರಾಟದ ಮೇಲೆ ಗಮನವಿರಲಿ. ಹೊಗೆಯ ಕೆಲವು ಅನಿಲಗಳು ಶ್ವಾಸಕೋಶದ ಆಳಕ್ಕಿಳಿದರೆ ಅಲ್ಲಿ ನೀರು ತುಂಬುವುದು ಗಂಟೆಗಳು ಕಳೆದ ಮೇಲೆ.

ಉರಿಗೆ ಮುಖ್ಯ ಕಾರಣ ವೈರಿನ ಪಿವಿಸಿ ಎಂಬ ಪ್ಲಾಸ್ಟಿಕ್‌ನ ಹೊದಿಕೆ. ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿ ಸೆಲ್ಸಿಯಸ್ ತಾಳುವಂತೆ ಮಾಡಿದ್ದು; 200 ಡಿಗ್ರಿ ದಾಟಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಬಿಡತೊಡಗುತ್ತದೆ. ಅದು ಕಣ್ಣು, ಮೂಗು, ಗಂಟಲಿನ ತೇವದಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಹಾಗಾಗಿ ಕೆಮ್ಮು, ಕಣ್ಣೀರು ಮೊದಲೇ ಬಂದು ನಮ್ಮನ್ನು ಹೊರಗೆ ಓಡಿಸುತ್ತವೆ. ಹೊಗೆ ಕಾಣದೆ ಬರೀ ಮೀನಿನಂಥ ನಾತ ಬರುತ್ತಿದ್ದರೆ ಅದು ಹೆಚ್ಚಾಗಿ ಬಿಸಿಯಾದ ಸ್ವಿಚ್, ಸಾಕೆಟ್‌ಗಳ ಗಟ್ಟಿ ಪ್ಲಾಸ್ಟಿಕ್‌ನದು.

ತಲೆನೋವನ್ನು ನಾನು ಗಂಟಲುರಿಗಿಂತ ಗಂಭೀರವಾಗಿ ನೋಡುತ್ತೇನೆ. ಬರೀ ಕಟು ವಾಸನೆಯಿಂದಲೂ ತಲೆ ನೋಯಬಹುದು. ಆದರೆ ಹಾಸಿಗೆ, ಸೋಫಾದ ಫೋಮ್ ಅಥವಾ ಬಟ್ಟೆ ಹೊಗೆಯಾಡಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೇರಿರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ಸಮಾಧಾನಪಡಬೇಡಿ: ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಆ ಉಪಕರಣಕ್ಕೆ ಆಮ್ಲಜನಕ ಅಂಟಿದಂತೆಯೇ ಕಾಣುತ್ತದೆ. ಆಸ್ಪತ್ರೆಯ ರಕ್ತಪರೀಕ್ಷೆಯಿಂದಲೇ ಖಚಿತವಾಗಬೇಕು.

ಏದುಸಿರು, ಎದೆ ಬಿಗಿತ, ಸುಯ್ಯೆನ್ನುವ ಉಸಿರು, ಧ್ವನಿ ಒಡೆಯುವುದು, ಕಫದಲ್ಲಿ ಮಸಿ, ವಾಂತಿ, ಗೊಂದಲ, ತಲೆಸುತ್ತು, ಇವುಗಳಲ್ಲಿ ಒಂದಿದ್ದರೂ ಈಗಲೇ ಆಸ್ಪತ್ರೆಗೆ ಹೋಗಿ. ತಲೆನೋವು ಹೊರಗಾಳಿಗೆ ಬಂದ ಮೇಲೂ ಇಳಿಯದಿದ್ದರೆ ಹಾಗೆಯೇ. ಆ ಕೋಣೆಯಲ್ಲಿ ಗರ್ಭಿಣಿ, ಮಗು, ಅಸ್ತಮಾ ಅಥವಾ ಹೃದ್ರೋಗ ಇದ್ದವರಿದ್ದರೆ, ತೊಂದರೆ ಕಾಣಿಸುವವರೆಗೆ ಕಾಯದೆ ತೋರಿಸಿ. ಕಣ್ಣು ಉರಿಯುತ್ತಿದ್ದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆಯಿರಿ, ಬಟ್ಟೆ ಬದಲಿಸಿ. ಹಾಲು ಕುಡಿದರೆ ಶ್ವಾಸಕೋಶ ಶುದ್ಧವಾಗುವುದಿಲ್ಲ. ಕೋಣೆಯಲ್ಲಿ ಕೂತ ಮಸಿಯನ್ನು ಗುಡಿಸಬೇಡಿ, ಮತ್ತೆ ಗಾಳಿಗೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಆದರೆ ಆ ಸಾಕೆಟ್ ಹತ್ತಿರ ಒದ್ದೆ ಬಟ್ಟೆ ಬೇಡ.

ಕರಗಿದ ಪ್ಲಗ್ಗನ್ನು ಕೈಯಿಂದ ಕೀಳುವ ಮುನ್ನ ಮೇನ್ ಆಫ್ ಮಾಡಿರಬೇಕು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಏಕೆ ಬೀಳಲಿಲ್ಲ ಎಂಬ ಪ್ರಶ್ನೆ ನಿಮಗೂ ಬಂದಿರಬಹುದು. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್. ಪಿನ್ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿದರೂ ಆ ಒಂದೇ ಜಾಗದಲ್ಲಿ 38 ವ್ಯಾಟ್‌ನಷ್ಟು ಶಾಖ, ಅಂದರೆ ಬೆಸುಗೆ ಹಾಕುವ ಕಡ್ಡಿಯಷ್ಟು. ಒಟ್ಟು ಕರೆಂಟ್ ಮಾತ್ರ ಹೆಚ್ಚುವುದಿಲ್ಲ, ಆದ್ದರಿಂದ ಎಂಸಿಬಿಗೆ ಗೊತ್ತಾಗುವುದಿಲ್ಲ. ಶಾಖಕ್ಕೆ ಸಾಕೆಟ್ ಒಳಗಿನ ಹಿತ್ತಾಳೆ ಪಟ್ಟಿಯ ಬಿಗಿಯೂ ಹೋಗಿರುತ್ತದೆ. ಹೊಸ ಪ್ಲಗ್ ಹಾಕಿ ಅದೇ ಸಾಕೆಟ್ಟಿಗೆ ಚುಚ್ಚಿದರೆ ಮತ್ತೆ ಕರಗುತ್ತದೆ. ಪ್ಲಗ್, ಸಾಕೆಟ್, ಸುಟ್ಟು ಬಣ್ಣಗೆಟ್ಟ ವೈರಿನ ತುದಿ, ಮೂರನ್ನೂ ಎಲೆಕ್ಟ್ರಿಷಿಯನ್‌ರಿಂದ ಒಟ್ಟಿಗೆ ಬದಲಿಸಿಕೊಳ್ಳಿ. ಅಲ್ಲಿಯವರೆಗೆ ಆ ಲೈನಿನ ಎಂಸಿಬಿ ಆಫ್ ಆಗಿಯೇ ಇರಲಿ.