ತಪ್ಪು ಒಂಬತ್ತರಲ್ಲಿ, ಬೈಗುಳ ಹತ್ತರಲ್ಲಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿಯದೇ, ಅದರಲ್ಲೂ ಪರದೆ ತುಂಬ ಸುರಿಯುವ ಎರರ್, ವಾರ್ನಿಂಗ್‌ಗಳದು. ಒಂದೇ ಥರದವನ್ನು ಒಟ್ಟು ಸೇರಿಸಿದ್ದೇನೆ. ನಿಮ್ಮ ಹತ್ತಿರ ಪಿಎಚ್‌ಪಿ 8 ಇದೆ ಅಂತಲೇ ಇಟ್ಟುಕೊಂಡು ಬರೆದಿದ್ದೇನೆ. ಹಳೆಯದು ಬೇರೆ ಥರ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇನೆ.

ಪ್ರಶ್ನೆ: ‘ಪಾರ್ಸ್ ಎರರ್, ಅನ್‌ಎಕ್ಸ್‌ಪೆಕ್ಟೆಡ್ ವೇರಿಯಬಲ್, ಲೈನ್ 10’ ಅಂತ ಬರುತ್ತಿದೆ. ಹತ್ತನೇ ಸಾಲನ್ನು ಅಕ್ಷರ ಅಕ್ಷರ ನೋಡಿದೆ, ಅಳಿಸಿ ಮತ್ತೆ ಟೈಪ್ ಮಾಡಿದೆ. ತಪ್ಪೇ ಇಲ್ಲ. ಪಿಎಚ್‌ಪಿ ಸುಳ್ಳು ಹೇಳುತ್ತಾ?

ಉತ್ತರ: ಹತ್ತನೇ ಸಾಲು ಬಿಡಿ, ಒಂಬತ್ತನೆಯದರ ಕೊನೆ ನೋಡಿ. ಅಲ್ಲಿ ವಾಕ್ಯ ಮುಗಿಸುವ ಸೆಮಿಕೋಲನ್ ಇರಲಿಕ್ಕಿಲ್ಲ.

ಪಿಎಚ್‌ಪಿ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಕೊಡುವ ಸಾಲಿನ ನಂಬರ್ ನೀವು ತಪ್ಪು ಮಾಡಿದ ಜಾಗದ್ದಲ್ಲ, ಅದಕ್ಕೆ ಇನ್ನು ಮುಂದೆ ಹೋಗಲು ಆಗದೆ ನಿಂತ ಜಾಗದ್ದು. ಸೆಮಿಕೋಲನ್ ಇಲ್ಲದಿದ್ದರೆ ಅದಕ್ಕೇನೂ ಗಾಬರಿಯಿಲ್ಲ, ಒಂದೇ ವಾಕ್ಯವನ್ನು ನಾಲ್ಕು ಸಾಲಿಗೆ ಹರಡಿ ಬರೆಯುವವರು ಇದ್ದಾರಲ್ಲ, ಹಾಗೇ ಮುಂದಿನ ಸಾಲಿನಲ್ಲಿ ಮುಂದುವರಿಯುತ್ತದೆ ಅಂದುಕೊಂಡು ಓದುತ್ತಾ ಹೋಗುತ್ತದೆ. ಹತ್ತನೇ ಸಾಲಿನ ಶುರುವಿನಲ್ಲೇ ಇನ್ನೊಂದು ವೇರಿಯಬಲ್ ಸಿಕ್ಕಿದಾಗ ಮಾತ್ರ ‘ಇದು ಇಲ್ಲಿ ಬರಬಾರದಿತ್ತಲ್ಲ’ ಅನ್ನುತ್ತದೆ. ಹಾಗಾಗಿ ಪಾರ್ಸ್ ಎರರ್, ಅಂದರೆ ಕೋಡಿನ ವ್ಯಾಕರಣದ ತಪ್ಪು, ಬಂದಾಗ ತೋರಿಸಿದ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಕೆಳಕ್ಕಲ್ಲ.

ಎಷ್ಟು ಮೇಲಕ್ಕೆ ಅನ್ನುವುದು ತಪ್ಪಿನ ಮೇಲೆ ನಿಂತಿದೆ. ಸೆಮಿಕೋಲನ್ ಆದರೆ ಒಂದು ಸಾಲು. ಕೋಟ್ ಮುಚ್ಚದೆ ಬಿಟ್ಟಿದ್ದರೆ ಪಿಎಚ್‌ಪಿ ಅಲ್ಲಿಂದ ಮುಂದಿನದ್ದನ್ನೆಲ್ಲ ಬರೀ ಪಠ್ಯ ಅಂತ ನುಂಗುತ್ತಾ ಹೋಗುತ್ತದೆ, ಇನ್ನೊಂದು ಕೋಟ್ ಸಿಗುವ ತನಕ. ಅದು ಮೂವತ್ತು ಸಾಲು ಕೆಳಗಿರಬಹುದು. ಇದಕ್ಕೆ ಎಡಿಟರ್‌ನ ಬಣ್ಣವೇ ಮದ್ದು: ಎಲ್ಲಿಂದ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದೆಯೋ ಅಲ್ಲೇ ಕೋಟ್ ಬಿಟ್ಟಿದ್ದೀರಿ. ಹೂಬ್ರ್ಯಾಕೆಟ್ ಮುಚ್ಚದೆ ಬಿಟ್ಟರೆ ಹಿಂದೆಲ್ಲ ಫೈಲಿನ ಕಟ್ಟಕಡೆಯ ಸಾಲನ್ನು ತೋರಿಸಿ ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಅನ್ನುತ್ತಿತ್ತು, ಐನೂರು ಸಾಲಿನ ಫೈಲಿನಲ್ಲಿ ಹುಡುಕಿ ಸಾಯಬೇಕಿತ್ತು. 8 ಬಂದ ಮೇಲೆ ತೆರೆದ ಬ್ರ್ಯಾಕೆಟ್ ಯಾವ ಸಾಲಿನಲ್ಲಿದೆ ಅಂತಲೂ ಹೇಳುತ್ತದೆ. ಇದೊಂದಕ್ಕೇ ಹೊಸ ಆವೃತ್ತಿಗೆ ಹೋಗಬಹುದು ಅಂತ ನನಗನ್ನಿಸಿದ್ದಿದೆ.

ಇನ್ನೊಂದು ವಿಷಯ. ಪಾರ್ಸ್ ಎರರ್ ಇರುವ ಫೈಲಿನ ಒಂದು ಸಾಲೂ ಓಡಿರುವುದಿಲ್ಲ. ಪಿಎಚ್‌ಪಿ ಮೊದಲು ಇಡೀ ಫೈಲನ್ನು ಓದಿ ಮುಗಿಸಿ ಆಮೇಲೆ ಓಡಿಸುತ್ತದೆ. ಆದ್ದರಿಂದ ನಡುನಡುವೆ ಎಕೋ (ಪರದೆಗೆ ಬರೆಯುವ ಆಜ್ಞೆ) ಹಾಕಿ ‘ಇಲ್ಲಿತನಕ ಬಂತಾ’ ಅಂತ ಪರೀಕ್ಷಿಸುವುದು ಇಲ್ಲಿ ವ್ಯರ್ಥ. ಕಮ್ಯಾಂಡ್ ಲೈನಿನಲ್ಲಿ ಪಿಎಚ್‌ಪಿ ಅಂತ ಬರೆದು, ಹೈಫನ್ ಮತ್ತು ಚಿಕ್ಕ ಎಲ್ ಹಾಕಿ, ಫೈಲಿನ ಹೆಸರು ಕೊಡಿ. ಓಡಿಸದೆ ಬರೀ ವ್ಯಾಕರಣ ನೋಡಿ ಹೇಳುತ್ತದೆ.

ಪ್ರಶ್ನೆ: ಲೇಖನವೊಂದರಿಂದ ಕೋಡ್ ಕಾಪಿ ಮಾಡಿದೆ. ‘ಅನ್‌ಡಿಫೈನ್ಡ್ ಕಾನ್‌ಸ್ಟೆಂಟ್’ ಅನ್ನುತ್ತಿದೆ. ನಾನು ಯಾವ ಕಾನ್‌ಸ್ಟೆಂಟನ್ನೂ ಬಳಸಿಲ್ಲ.

ಉತ್ತರ: ಕೋಟ್‌ಗಳನ್ನು ಹತ್ತಿರದಿಂದ ನೋಡಿ. ನೆಟ್ಟಗಿರುವ ಬದಲು ಬಾಗಿದ ಕೋಟ್‌ಗಳು ಬಂದಿರುತ್ತವೆ. ವರ್ಡ್ ಥರದ ಸಾಫ್ಟ್‌ವೇರ್‌ಗಳು ಚಂದ ಕಾಣಲಿ ಅಂತ ಅವನ್ನು ತಾವೇ ಬದಲಿಸುತ್ತವೆ. ಪಿಎಚ್‌ಪಿಗೆ ಬಾಗಿದ ಕೋಟ್ ಕೋಟೇ ಅಲ್ಲ, ಹೆಸರಿನಲ್ಲಿ ಬರಬಹುದಾದ ಇನ್ನೊಂದು ಅಕ್ಷರ ಅಷ್ಟೇ. ಹಾಗಾಗಿ ಕೋಟ್ ಸಮೇತ ಇಡೀ ಪದವನ್ನು ಒಂದು ಕಾನ್‌ಸ್ಟೆಂಟಿನ, ಅಂದರೆ ಬದಲಾಗದ ಬೆಲೆಯೊಂದರ, ಹೆಸರು ಅಂದುಕೊಂಡು ಹುಡುಕುತ್ತದೆ. ಅಳಿಸಿ ಕೈಯಲ್ಲೇ ಟೈಪ್ ಮಾಡಿ, ಮುಗಿಯಿತು.

ಪ್ರಶ್ನೆ: ವಾರ್ನಿಂಗ್ ಬಂದರೂ ಪೇಜ್ ತೆರೆಯುತ್ತದೆ, ಕೆಲಸವೂ ಆಗುತ್ತದೆ. ಎರರ್ ಮಾತ್ರ ಸರಿಮಾಡಿ ವಾರ್ನಿಂಗ್, ನೋಟಿಸ್, ಡೆಪ್ರಿಕೇಟೆಡ್ ಇವನ್ನೆಲ್ಲ ಆಫ್ ಮಾಡಿಟ್ಟರೆ ಆಗಲ್ವಾ? ಪರದೆ ಶುಚಿಯಾಗಿರುತ್ತೆ.

ಉತ್ತರ: ಪರದೆ ಶುಚಿಯಾಗಿರುತ್ತದೆ, ಲೆಕ್ಕ ತಪ್ಪಿರುತ್ತದೆ.

ನನ್ನನ್ನು ಕೇಳಿದರೆ ಫೇಟಲ್ ಎರರ್‌ಗಿಂತ ವಾರ್ನಿಂಗಿಗೇ ಜಾಸ್ತಿ ಹೆದರಬೇಕು. ಫೇಟಲ್ ಎರರ್ ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ವಾರ್ನಿಂಗ್ ಬಂದಾಗ ಪ್ರೋಗ್ರಾಂ ನಿಲ್ಲುವುದಿಲ್ಲ, ಏನೋ ಒಂದು ಊಹೆ ಮಾಡಿಕೊಂಡು ಮುಂದೆ ಹೋಗುತ್ತದೆ. ಆ ಊಹೆ ಏನು ಅಂತ ನೋಡೋಣ. ಒಂದು ಲೂಪಿನಲ್ಲಿ ಮೊತ್ತಗಳನ್ನು ಕೂಡಿಸಿ ‘ಟೋಟಲ್’ ಅನ್ನುವ ವೇರಿಯಬಲ್‌ನಲ್ಲಿ ಇಡುತ್ತಿದ್ದೀರಿ. ಕೊನೆಗೆ ತೆರಿಗೆ ಸೇರಿಸುವ ಸಾಲಿನಲ್ಲಿ ಕೈತಪ್ಪಿ ‘ಟೋಟ್ಲ್’ ಅಂತ ಬರೆದಿರಿ. ಆ ಹೆಸರಿನ ವೇರಿಯಬಲ್ ಇಲ್ಲವೇ ಇಲ್ಲ. ಪಿಎಚ್‌ಪಿ ‘ಅನ್‌ಡಿಫೈನ್ಡ್ ವೇರಿಯಬಲ್’ ಅಂತ ಒಂದು ವಾರ್ನಿಂಗ್ ಹಾಕಿ ಅದರ ಬೆಲೆ ನಲ್, ಅಂದರೆ ಏನೂ ಇಲ್ಲ, ಅಂದುಕೊಳ್ಳುತ್ತದೆ. ಕೂಡುವಾಗ ನಲ್ ಅಂದರೆ 0. ತೆರಿಗೆ ಮಾತ್ರ ಇರುವ ಬಿಲ್ ನೀಟಾಗಿ ತಯಾರಾಗುತ್ತದೆ, ಡೇಟಾಬೇಸಿಗೂ ಹೋಗಿ ಕೂರುತ್ತದೆ. ನಿಮಗೆ ಸುಳಿವು ಕೊಡುವ ಒಂದೇ ಒಂದು ವಸ್ತು ಆ ವಾರ್ನಿಂಗ್. ಅದನ್ನೇ ಆಫ್ ಮಾಡೋಣವೇ ಅಂತ ಕೇಳುತ್ತಿದ್ದೀರಿ.

ಈ ಸಂದೇಶ 7ರ ತನಕ ಬರೀ ನೋಟಿಸ್ ಆಗಿತ್ತು. 2020ರ ನವೆಂಬರ್‌ನಲ್ಲಿ ಬಂದ 8.0ದಲ್ಲಿ ವಾರ್ನಿಂಗ್ ಆಯಿತು. ಅರೇಯಲ್ಲಿ (ಬೆಲೆಗಳ ಪಟ್ಟಿಯಲ್ಲಿ) ಇಲ್ಲದ ಕೀ ಕೇಳಿದರೂ ಹಾಗೇ: ಹಿಂದೆ ‘ನೋಟಿಸ್, ಅನ್‌ಡಿಫೈನ್ಡ್ ಇಂಡೆಕ್ಸ್’, ಈಗ ‘ವಾರ್ನಿಂಗ್, ಅನ್‌ಡಿಫೈನ್ಡ್ ಅರೇ ಕೀ’. ನೆಟ್‌ನಲ್ಲಿ ಹುಡುಕುವಾಗ ಎರಡೂ ಒಂದೇ ಅಂತ ತಿಳಿದಿರಲಿ, ಇಲ್ಲದಿದ್ದರೆ ಹಳೆಯ ಒಳ್ಳೆ ಉತ್ತರಗಳು ಕೈತಪ್ಪುತ್ತವೆ. ಸೊನ್ನೆಯಿಂದ ಭಾಗಿಸುವುದು ಇನ್ನೂ ಮುಂದೆ ಹೋಗಿದೆ. 7ರಲ್ಲಿ ಅದು ವಾರ್ನಿಂಗ್ ಕೊಟ್ಟು, ಉತ್ತರ ಅನಂತ ಅಂತ ಹೇಳಿ ನಡೆದುಬಿಡುತ್ತಿತ್ತು. 8ರಲ್ಲಿ ನೇರ ಎರರ್, ಹಿಡಿಯದಿದ್ದರೆ ಪ್ರೋಗ್ರಾಂ ಬೀಳುತ್ತದೆ. ವರ್ಷಗಟ್ಟಲೆ ವಾರ್ನಿಂಗ್ ಮುಚ್ಚಿಟ್ಟುಕೊಂಡು ಬಂದವರಿಗೆ ಸರ್ವರ್ ಅಪ್‌ಗ್ರೇಡ್ ಆದ ದಿನವೇ ಲೆಕ್ಕ ಚುಕ್ತಾ ಆಯಿತು.

ಡೆಪ್ರಿಕೇಟೆಡ್ ಮಾತ್ರ ಬೇರೆ ಜಾತಿ. ನಿಮ್ಮ ಕೋಡ್ ಇವತ್ತು ಸರಿಯಾಗೇ ಓಡುತ್ತಿದೆ, ಮುಂದಿನ ಯಾವುದೋ ಆವೃತ್ತಿಯಲ್ಲಿ ಓಡುವುದಿಲ್ಲ, ಅಷ್ಟೇ ಅದರ ಅರ್ಥ. ಉದಾಹರಣೆಗೆ 8.2ರಿಂದ ಕ್ಲಾಸಿನಲ್ಲಿ ಮೊದಲೇ ಹೇಳದ ಪ್ರಾಪರ್ಟಿಯನ್ನು ಸುಮ್ನೆ ಸೃಷ್ಟಿಸಿದರೆ ಈ ಸಂದೇಶ ಬರುತ್ತದೆ. ಇವತ್ತೇ ಕೂತು ಸರಿಮಾಡಬೇಕಿಲ್ಲ, ಪಟ್ಟಿ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಒಂದೇ ಸಲ ಏಳೆಂಟು ಸಂದೇಶ ಬಂದವು. ಕೊನೆಯದು ಫೇಟಲ್, ಫೈಲ್ ಓದುವ ಫಂಕ್ಷನ್ನಿಗೆ ರಿಸೋರ್ಸ್ ಬೇಕಿತ್ತು, ಬೂಲಿಯನ್ ಬಂದಿದೆ ಅಂತ. ಆ ಫಂಕ್ಷನ್ ಬಗ್ಗೆ ಎಷ್ಟು ಓದಿದರೂ ಅರ್ಥವಾಗುತ್ತಿಲ್ಲ.

ಉತ್ತರ: ಆ ಫಂಕ್ಷನ್ ಪಾಪ, ಏನೂ ಮಾಡಿಲ್ಲ. ಮೇಲಕ್ಕೆ ಸ್ಕ್ರೋಲ್ ಮಾಡಿ ಮೊದಲನೇ ಸಂದೇಶ ಓದಿ. ‘ಫೇಯ್ಲ್ಡ್ ಟು ಓಪನ್ ಸ್ಟ್ರೀಮ್’ ಅನ್ನುವ ಒಂದು ವಾರ್ನಿಂಗ್ ಇರುತ್ತದೆ. ಫೈಲ್ ತೆರೆಯಲಿಲ್ಲ, ತೆರೆಯುವ ಫಂಕ್ಷನ್ ರಿಸೋರ್ಸ್, ಅಂದರೆ ತೆರೆದ ಫೈಲಿನ ಹಿಡಿ, ಕೊಡುವ ಬದಲು ಫಾಲ್ಸ್ ಅನ್ನುವ ಬೂಲಿಯನ್ ಕೊಟ್ಟಿತು, ಆ ಫಾಲ್ಸನ್ನೇ ನೀವು ಓದುವ ಫಂಕ್ಷನ್ನಿಗೆ ಕೊಟ್ಟಿರಿ. ಮೊದಲನೆಯದನ್ನು ಸರಿಮಾಡಿದರೆ ಉಳಿದವು ತಾವಾಗೇ ಉದುರುತ್ತವೆ. ಆ ವಾರ್ನಿಂಗಿನ ಕೊನೆಯಲ್ಲಿ ಕಾರಣವೂ ಇರುತ್ತದೆ. ‘ನೋ ಸಚ್ ಫೈಲ್’ ಅಂದರೆ ನೀವು ಬರೆದ ಫೈಲಿನ ದಾರಿ ತಪ್ಪು, ‘ಪರ್ಮಿಷನ್ ಡಿನೈಡ್’ ಅಂದರೆ ಫೈಲ್ ಇದೆ, ವೆಬ್ ಸರ್ವರ್‌ಗೆ ಅನುಮತಿ ಇಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಪೂರ್ತಿ ಓದಿ ಅನ್ನುವುದು.

ಇದರ ಜೊತೆಗೇ ಒಂದು ಮಾತು: ಇನ್ನೊಂದು ಫೈಲನ್ನು ಒಳಗೆ ತರಲು ಇಂಕ್ಲೂಡ್ ಬಳಸಿ, ಆ ಫೈಲ್ ಸಿಗದಿದ್ದರೆ ಬರೀ ವಾರ್ನಿಂಗ್, ರಿಕ್ವೈರ್ ಬಳಸಿದ್ದರೆ ಅಲ್ಲೇ ಫೇಟಲ್. ಡೇಟಾಬೇಸ್ ಸೆಟ್ಟಿಂಗ್ ಇರುವಂಥ ಫೈಲಿಗೆ ಇಂಕ್ಲೂಡ್ ಬಳಸುವವರನ್ನು ನೋಡಿದಾಗ ನನಗೆ ಆಶ್ಚರ್ಯ. ಅದಿಲ್ಲದೆ ಮುಂದೆ ಹೋಗಿ ಮಾಡುವುದಾದರೂ ಏನು?

ಪ್ರಶ್ನೆ: ‘ಹೆಡರ್ಸ್ ಆಲ್ರೆಡಿ ಸೆಂಟ್’. ನನ್ನ ಲ್ಯಾಪ್‌ಟಾಪ್‌ನಲ್ಲಿ ಬರಲ್ಲ, ಸರ್ವರ್‌ಗೆ ಹಾಕಿದರೆ ಬರುತ್ತೆ.

ಉತ್ತರ: ಈ ಸಂದೇಶದಲ್ಲಿ ಎರಡು ಜಾಗಗಳ ಹೆಸರಿರುತ್ತದೆ. ಎಲ್ಲರೂ ಕೊನೆಯದನ್ನು ನೋಡುತ್ತಾರೆ, ಯಾಕೆಂದರೆ ಬೇರೆ ಎಲ್ಲ ಸಂದೇಶಗಳಲ್ಲಿ ಸಾಲಿನ ನಂಬರ್ ಕೊನೆಯಲ್ಲಿರುತ್ತದೆ. ಇಲ್ಲಿ ಬೇಕಾದದ್ದು ಬ್ರ್ಯಾಕೆಟ್ ಒಳಗಿರುವುದು, ‘ಔಟ್‌ಪುಟ್ ಸ್ಟಾರ್ಟೆಡ್ ಅಟ್’ ಅಂತ ಶುರುವಾಗುವುದು. ಪೇಜಿನ ಹೆಡರ್‌ಗಳು, ಅಂದರೆ ಪೇಜಿನ ಬಗ್ಗೆ ಬ್ರೌಸರ್‌ಗೆ ಹೇಳುವ ಮಾಹಿತಿ, ಮೊದಲು ಹೋಗಬೇಕು, ಆಮೇಲೆ ಪೇಜು. ಪೇಜಿನ ಒಂದು ಅಕ್ಷರ ಹೊರಟರೂ ಹೆಡರ್ ಕಳಿಸುವ ಕಾಲ ಮುಗಿಯಿತು. ಬ್ರ್ಯಾಕೆಟ್ ಒಳಗಿನ ಜಾಗದಲ್ಲಿ ಏನೋ ಒಂದು ಹೊರಬಿದ್ದಿದೆ: ಪಿಎಚ್‌ಪಿ ಟ್ಯಾಗ್ ಶುರುವಾಗುವ ಮುಂಚೆ ಒಂದು ಖಾಲಿ ಸಾಲು, ಮುಚ್ಚುವ ಟ್ಯಾಗಿನ ನಂತರ ಸ್ಪೇಸ್, ಡೀಬಗ್ ಮಾಡಲು ಹಾಕಿ ಮರೆತ ಎಕೋ, ಅಥವಾ ಇನ್ನೊಂದು ವಾರ್ನಿಂಗ್. ಹೌದು, ಪರದೆಗೆ ಬಂದ ವಾರ್ನಿಂಗೂ ಔಟ್‌ಪುಟ್ಟೇ. ಅಲ್ಲಿ ಒಂದನೇ ಸಾಲು ಅಂತಿದ್ದು ಕಣ್ಣಿಗೆ ಏನೂ ಕಾಣದಿದ್ದರೆ ಎಡಿಟರ್ ಫೈಲಿನ ತಲೆಗೆ ಬಿಒಎಂ ಅನ್ನುವ 3 ಬೈಟ್ ಅಂಟಿಸಿರುತ್ತದೆ. ‘ಯುಟಿಎಫ್-8, ಬಿಒಎಂ ಇಲ್ಲದೆ’ ಅಂತ ಸೇವ್ ಮಾಡಿ. ಬರೀ ಪಿಎಚ್‌ಪಿ ಇರುವ ಫೈಲಿನಲ್ಲಿ ಮುಚ್ಚುವ ಟ್ಯಾಗ್ ಬೇಕಾಗಿಯೇ ಇಲ್ಲ, ತೆಗೆದುಬಿಡಿ.

ಲ್ಯಾಪ್‌ಟಾಪ್‌ನಲ್ಲಿ ಯಾಕೆ ಬರಲ್ಲ ಅಂದರೆ ಅಲ್ಲಿ ಔಟ್‌ಪುಟ್ ಬಫರಿಂಗ್ ಆನ್ ಇರಬಹುದು. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್ಐ (ಸೆಟ್ಟಿಂಗ್) ಫೈಲಿನಲ್ಲಿ ಅದು 4096 ಬೈಟ್ ಇದೆ, ಸೆಟ್ಟಿಂಗ್ ಫೈಲೇ ಇಲ್ಲದಿದ್ದರೆ 0. ಬಫರ್ ಇದ್ದಾಗ ಆ ಖಾಲಿ ಸಾಲು ಸ್ವಲ್ಪ ಹೊತ್ತು ಒಳಗೇ ಕೂತಿರುತ್ತದೆ, ಅಷ್ಟರಲ್ಲಿ ಹೆಡರ್ ಹೋಗಿರುತ್ತದೆ. ಸರ್ವರ್‌ನಲ್ಲೂ ಬಫರಿಂಗ್ ಹಾಕಿದರೆ ಸಂದೇಶ ಮಾಯವಾಗುತ್ತದೆ, ನಿಜ. ಆದರೆ ಖಾಲಿ ಸಾಲು ಅಲ್ಲೇ ಇರುತ್ತದೆ.

ಪ್ರಶ್ನೆ: ಎರರ್ ಕೂಡ ಬರುತ್ತಿಲ್ಲ, ಬರೀ ಬಿಳಿ ಪೇಜ್. ಏನು ಮಾಡೋದು?

ಉತ್ತರ: ಎರರ್ ಬಂದಿದೆ, ನಿಮಗೆ ತೋರಿಸುತ್ತಿಲ್ಲ. ಸರ್ವರ್‌ನಲ್ಲಿ ‘ಡಿಸ್‌ಪ್ಲೇ ಎರರ್ಸ್’ ಆಫ್ ಇದೆ, ಇರಲೇಬೇಕು. ಸಂದೇಶದಲ್ಲಿ ಫೈಲಿನ ಪೂರ್ತಿ ದಾರಿ ಇರುತ್ತದೆ, ಕೆಲವೊಮ್ಮೆ ಡೇಟಾಬೇಸಿನ ವಿವರವೂ ಇರುತ್ತದೆ, ಅದನ್ನು ದಾರಿಹೋಕರಿಗೆಲ್ಲ ತೋರಿಸಬಾರದು. ‘ಲಾಗ್ ಎರರ್ಸ್’ ಆನ್ ಇದೆಯಾ ನೋಡಿ, ಎರರ್ ಲಾಗ್ ಫೈಲ್ ತೆರೆದು ಕೊನೆಯ ಸಾಲುಗಳನ್ನು ಓದಿ. ನಿಮ್ಮ ಸ್ವಂತ ಯಂತ್ರದಲ್ಲಿ ಎರಡೂ ಆನ್ ಇರಲಿ. ಫೈಲಿನ ತಲೆಯಲ್ಲೇ ಎರರ್ ತೋರಿಸು ಅಂತ ಬರೆದರೂ ಪಾರ್ಸ್ ಎರರ್ ಕಾಣಿಸುವುದಿಲ್ಲ ಅಂತ ಕೆಲವರು ಬರೆದಿದ್ದಾರೆ. ಕಾಣಿಸಲ್ಲ, ಮೇಲೆ ಹೇಳಿದ ಕಾರಣಕ್ಕೇ. ಆ ಸಾಲೂ ಓಡಿರುವುದಿಲ್ಲವಲ್ಲ. ಐಎನ್ಐ ಫೈಲಿನಲ್ಲೇ ಬದಲಿಸಬೇಕು.

ಪ್ರಶ್ನೆ: ಸಾಲಿನ ಮುಂದೆ ಅಟ್ ಚಿಹ್ನೆ ಹಾಕಿದರೆ ವಾರ್ನಿಂಗ್ ಬರಲ್ಲ ಅಂತ ಸ್ನೇಹಿತ ಹೇಳಿದ. ಹಾಕಲಾ?

ಉತ್ತರ: ಬೇಡ. ವಾರ್ನಿಂಗ್ ಕಾಣುವುದಿಲ್ಲ ಅಷ್ಟೇ, ತಪ್ಪು ಅಲ್ಲೇ ಇರುತ್ತದೆ. 8ರಿಂದ ಅದು ಫೇಟಲ್ ಎರರ್‌ಗಳನ್ನಂತೂ ಮುಚ್ಚುವುದಿಲ್ಲ.

ಪ್ರಶ್ನೆ: ‘ಅಲೌಡ್ ಮೆಮೊರಿ ಸೈಜ್ ಆಫ್ 134217728 ಬೈಟ್ಸ್ ಎಕ್ಸಾಸ್ಟೆಡ್’. ಲಿಮಿಟ್ ಏರಿಸಿದೆ, ಎರಡು ದಿನ ಸುಮ್ಮನಿತ್ತು, ಮತ್ತೆ ಬಂತು. ತೋರಿಸುವ ಸಾಲಿನಲ್ಲಿ ಇರುವುದು ಒಂದು ಚಿಕ್ಕ ಸ್ಟ್ರಿಂಗ್ ಜೋಡಣೆ ಅಷ್ಟೇ.

ಉತ್ತರ: ಆ ದೊಡ್ಡ ನಂಬರ್ ಅಂದರೆ 128 ಎಂಬಿ, ಪಿಎಚ್‌ಪಿಯ ಮಾಮೂಲಿ ಮಿತಿ. ಇಲ್ಲೂ ಸಾಲಿನ ನಂಬರ್ ಬಗ್ಗೆ ಅದೇ ಕಥೆ. ಊಟಕ್ಕೆ ಕೊನೆಗೆ ಬಂದವನಿಗೆ ಅನ್ನ ಸಿಗಲಿಲ್ಲ ಅಂದರೆ ಅವನೇ ಎಲ್ಲ ತಿಂದ ಅಂತಲ್ಲವಲ್ಲ. ಮೆಮೊರಿ ತಿಂದವರು ಮೇಲೆಲ್ಲೋ ಇದ್ದಾರೆ. ಇಡೀ ಫೈಲನ್ನು ಒಂದೇ ಸಲಕ್ಕೆ ಅರೇಗೆ ತುಂಬುವುದು, ಡೇಟಾಬೇಸಿನಿಂದ ಎಲ್ಲ ಸಾಲುಗಳನ್ನು ಒಟ್ಟಿಗೆ ಎಳೆದು ತರುವುದು, ಲೂಪಿನಲ್ಲಿ ಅರೇಗೆ ಸೇರಿಸುತ್ತಲೇ ಇರುವುದು, ಈ ಮೂರನ್ನು ಮೊದಲು ನೋಡಿ. ಡೇಟಾ ಬೆಳೆಯುತ್ತಿದ್ದರೆ ಲಿಮಿಟ್ ಎಷ್ಟೇ ಏರಿಸಿದರೂ ಇನ್ನೊಂದು ದಿನ ಸಾಲದೇ ಹೋಗುತ್ತದೆ, ನಿಮಗೆ ಆಗಿರುವುದೂ ಅದೇ. ಫೈಲನ್ನು ಒಂದೊಂದೇ ಸಾಲು ಓದಿ, ಓದಿದ್ದನ್ನು ಅಲ್ಲೇ ಬಳಸಿ ಬಿಟ್ಟುಬಿಡಿ. ಆಗ ಫೈಲ್ ಎಷ್ಟೇ ದೊಡ್ಡದಿದ್ದರೂ ಮೆಮೊರಿಯಲ್ಲಿ ಒಂದು ಸಾಲಿನಷ್ಟು ಮಾತ್ರ ಇರುತ್ತದೆ. ಎಲ್ಲಿ ಉಬ್ಬುತ್ತಿದೆ ಅಂತ ತಿಳಿಯದಿದ್ದರೆ ಮೆಮೊರಿ ಬಳಕೆ ಹೇಳುವ ಫಂಕ್ಷನ್ ಇದೆ, ಅದನ್ನು ನಾಲ್ಕು ಕಡೆ ಕರೆದು ಲಾಗಿಗೆ ಬರೆಸಿ. ಯಾವ ಎರಡು ಕಡೆಗಳ ನಡುವೆ ನಂಬರ್ ದಿಢೀರನೆ ಹಾರುತ್ತದೋ ಅಲ್ಲಿಂದ ಹುಡುಕಲು ಶುರು ಮಾಡಿ.