ಡೈವೋರ್ಸ್ ನಡೀತಿದೆ. ಕೋರ್ಟಿನಲ್ಲೇ ಕೌನ್ಸೆಲಿಂಗ್ ಇದೆಯಲ್ಲ, ಬೇರೆ ಥೆರಪಿ ಕೇಸ್ ಮುಗಿದ ಮೇಲೆ ಸಾಕಲ್ವಾ?

ಸಾಕಾಗಲ್ಲ. ಇದೇ ಮಾತನ್ನು ನಾನೂ ಹೇಳಿಕೊಂಡು ಒಂದೂವರೆ ವರ್ಷ ಕಳೆದೆ.

ಆಗ ನಾನು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಅಮ್ಮನ ಮನೆಗೆ ಬಂದಿದ್ದೆ. ಕೆಲಸ ಮಂಗಳೂರಿನ ಹಂಪನಕಟ್ಟೆಯಲ್ಲಿ. ಅಮ್ಮ ಜ್ಯೋತಿಷ್ಯದವರ ಹತ್ತಿರ ಬಲಿಮೆ (ಪ್ರಶ್ನೆ) ನೋಡಿಸಿದರು, ದೈವಕ್ಕೆ ಹರಕೆ ಹೇಳಿದರು. ಡಾಕ್ಟರ ಹತ್ತಿರ ಹೋಗ್ತೇನೆ ಅಂದಾಗ ಸೋದರಮಾವ "ಕೌನ್ಸೆಲಿಂಗ್ ಕೋರ್ಟಿನಲ್ಲೇ ಉಂಟಲ್ಲ, ಮತ್ತೆಂತ ಮಂಡೆಬಿಸಿ?" ಅಂದರು. ನಾನು ನಂಬಿದೆ.

ನನ್ನ ತಪ್ಪು ಇದೇ. ಕೋರ್ಟಿನ ಕೌನ್ಸೆಲರ್ ಅವರನ್ನು ನನ್ನ ಕೌನ್ಸೆಲರ್ ಅಂದುಕೊಂಡೆ. ಮೊದಲ ದಿನ ಆ ಕೋಣೆಯಲ್ಲಿ ಕೂತು 7 ವರ್ಷ ಯಾರಿಗೂ ಹೇಳದ್ದನ್ನೆಲ್ಲ ಅಳುತ್ತಾ ಹೇಳಿದೆ, ಅವರು ತಾಳ್ಮೆಯಿಂದಲೇ ಕೇಳಿದರು, ಕೊನೆಗೆ "ಸ್ವಲ್ಪ ಹೊಂದಿಕೊಂಡು ಹೋಗಲು ಆಗಲ್ವಾ ಅಮ್ಮಾ?" ಅಂದರು. ನನಗೆ ನೆಲ ಕುಸಿದ ಹಾಗಾಯಿತು. ಇಷ್ಟು ಹೇಳಿದ ಮೇಲೂ ಹೀಗೆ ಕೇಳುತ್ತಾರೆ ಅಂದರೆ ತಪ್ಪು ನನ್ನದೇ ಇರಬೇಕು ಅನ್ನಿಸಿತು. ಥೆರಪಿ ಅಂದರೆ ಇಷ್ಟೇ ಅಂತಲೂ ತೀರ್ಮಾನಿಸಿಬಿಟ್ಟೆ. ಆಮೇಲೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅವರ ತಪ್ಪಲ್ಲ ಅದು. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ ಕೋರ್ಟು ಮೊದಲು ರಾಜಿಗೆ ಪ್ರಯತ್ನ ಮಾಡಲೇಬೇಕು. ಕೌನ್ಸೆಲರ್ ಇರುವುದು ಅದಕ್ಕೇ. ಇಬ್ಬರೂ ಒಂದಾಗ್ತಾರಾ, ಇಲ್ಲವಾದರೆ ಮಗು, ಹಣದ ವಿಷಯದಲ್ಲಾದರೂ ಒಪ್ಪಂದ ಆಗುತ್ತಾ, ಅದನ್ನು ನೋಡುತ್ತಾರೆ. ನಿಮಗೆ ರಾತ್ರಿ ನಿದ್ದೆ ಬರುತ್ತಾ ಅನ್ನುವುದು ಆ ಕೋಣೆಯ ಕೆಲಸವೇ ಅಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ!

2023ರ ಮಳೆಗಾಲದಲ್ಲಿ ಒಂದು ಸಂಜೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಮೂಲ್ಕಿ, ಪಡುಬಿದ್ರಿ, ಕಾಪು ದಾಟಿದ್ದು ಗೊತ್ತಿಲ್ಲ, ಕಟಪಾಡಿಯೂ ದಾಟಿತು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಅಕ್ಕ, ಇಳಿಯುವುದಿಲ್ವಾ?" ಅಂದಾಗಲೇ ಎಚ್ಚರ. ನಿದ್ದೆ ಮಾಡಿರಲಿಲ್ಲ, ಕಣ್ಣು ಬಿಟ್ಟೇ ಕೂತಿದ್ದೆ. ಅದಕ್ಕೇ ಹೆದರಿಕೆ ಆಯಿತು. ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೊಂದಿಕೊಳ್ಳಿ ಅಂತ ಅವರು ಹೇಳಲಿಲ್ಲ. ಊಟ ಮಾಡಿದ್ರಾ ಅಂತ ಕೇಳಿದರು.

ಅಲ್ಲಿಂದ ದಾರಿ ಸಿಕ್ಕಿತು. ಮಣಿಪಾಲದಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಶನಿವಾರ ಶನಿವಾರ ಹೋದೆ. ಕೋರ್ಟಿನ ಡೇಟ್‌ಗೆ 2 ದಿನ ಮೊದಲೇ ನನಗೆ ವಾಂತಿ ಶುರುವಾಗುತ್ತದೆ ಅನ್ನುವುದನ್ನು ಅವರೇ ಗುರುತಿಸಿದ್ದು. ನಾನು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಿದ್ದೆ.

ಹಾಗಾಗಿ ಕೇಸ್ ಮುಗಿಯಲಿ ಅಂತ ಕಾಯಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದರೂ ಸಾಮಾನ್ಯವಾಗಿ 6 ತಿಂಗಳು ಕಾಯಿಸುತ್ತಾರೆ, ಜಗಳದ ಕೇಸ್ ಆದರೆ ಕೇಳುವುದೇ ಬೇಡ. ಥೆರಪಿಸ್ಟ್ ಹುಡುಕುವಾಗ ಆರ್‌ಸಿಐ (ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಸರ್ಕಾರಿ ಪರಿಷತ್ತು) ನೋಂದಣಿ ಇದೆಯಾ ಅಂತ ನಾಚಿಕೆ ಇಲ್ಲದೆ ಕೇಳಿ. "ನಮ್ಮನ್ನು ಒಂದು ಮಾಡುವುದು ನಿಮ್ಮ ಉದ್ದೇಶವಾ?" ಅಂತಲೂ ಮೊದಲ ದಿನವೇ ಕೇಳಿ. ಹೌದು ಅಂದರೆ ಎದ್ದು ಬನ್ನಿ. ಹಣ ಕಷ್ಟವಾದರೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗ ಇದೆ. ಇನ್ನೊಂದು, ವಕೀಲರ ಫೀಸಿಗೇ ಎಲ್ಲ ಸುರಿಯಬೇಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಅಕ್ಕ ಇದ್ದಾಳೆ, ಅವಳ ಹತ್ತಿರ ಎಲ್ಲ ಹೇಳ್ತೇನೆ ಅಂತಲೂ ಬರೆದಿದ್ದೀರಿ. ಎಲ್ಲವನ್ನೂ ಅವಳ ಮೇಲೆ ಹಾಕಬೇಡಿ, ಪಾಪ. ಡೇಟ್ ದಿನ ಜೊತೆಗೆ ಕರೆದುಕೊಂಡು ಹೋಗಿ, ಅಷ್ಟು ಸಾಕು. ನನ್ನ ಚಿಕ್ಕಮ್ಮ ಶಂಕರಪುರದವರು, ಮಲ್ಲಿಗೆ ಬೆಳೆಯುತ್ತಾರೆ. ಬೆಳಿಗ್ಗೆ ಹೂ ಕೊಯ್ಯದಿದ್ದರೆ ಆ ದಿನದ ದುಡ್ಡು ಇಲ್ಲ. ಆದರೂ ನನ್ನ ಪ್ರತಿ ಡೇಟ್‌ಗೂ ಬಂದು ಕೋರ್ಟಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದರು, ಒಂದು ಪ್ರಶ್ನೆಯನ್ನೂ ಕೇಳದೆ.